ಸೋಲನ್ನೂ ಲೆಕ್ಕಕ್ಕೆ ಹಿಡಿದ ವಿನ್ಯಾಸ

2019ರ ಸೆಪ್ಟೆಂಬರ್ 7ರಂದು, ಮಧ್ಯರಾತ್ರಿ ಕಳೆದು ಎರಡು ಗಂಟೆಯಾಗುವ ಮುನ್ನ, ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ ಚಂದ್ರನ ನೆಲಕ್ಕೆ ಅಪ್ಪಳಿಸಿತು. ಇಳಿಯುವಾಗ ಅದು ಕಳುಹಿಸಿದ್ದ ದತ್ತಾಂಶವನ್ನು ವಿಜ್ಞಾನಿಗಳು ಪರಿಶೀಲಿಸಿದಾಗ ತಿಳಿದದ್ದು ಯಾವುದೋ ಒಂದು ಭಾಗ ಕೆಟ್ಟುಹೋದ ಕಥೆಯಲ್ಲ. ಇಸ್ರೋದ ಅಂದಿನ ಅಧ್ಯಕ್ಷ ಎಸ್. ಸೋಮನಾಥ್ 2023ರಲ್ಲಿ ವಿವರಿಸಿದಂತೆ, ವೇಗ ತಗ್ಗಿಸಬೇಕಿದ್ದ ಐದು ಎಂಜಿನ್‌ಗಳು ನಿರೀಕ್ಷೆಗಿಂತ ಹೆಚ್ಚು ನೂಕುಬಲ ನೀಡಿದವು. ಚಿತ್ರ ತೆಗೆಯಲೆಂದು ನೌಕೆ ಸ್ಥಿರವಾಗಿರಬೇಕಾದ ಹಂತದಲ್ಲಿ ತಪ್ಪುಗಳು ತಿದ್ದುಪಡಿಯಾಗದೆ ಕೂಡುತ್ತ ಹೋದವು. ಕೊನೆಗೆ ನೌಕೆ ಬೇಗನೆ ತಿರುಗಬೇಕಾದಾಗ ತಂತ್ರಾಂಶ ವಿಧಿಸಿದ್ದ ಮಿತಿ ಅಡ್ಡ ಬಂತು. ಇಳಿಯಬೇಕಿದ್ದ ಜಾಗವೂ ಕೇವಲ 500 ಮೀಟರ್ ಉದ್ದಗಲದ್ದಾದ್ದರಿಂದ, ನೆಲ ಹತ್ತಿರವಾದಾಗಲೂ ನೌಕೆ ಅಲ್ಲಿಗೇ ತಲುಪಲು ವೇಗ ಹೆಚ್ಚಿಸಿಕೊಳ್ಳುತ್ತಿತ್ತು.

ಈ ಮೂರು ದೋಷಗಳನ್ನಷ್ಟೇ ಸರಿಪಡಿಸಿ ಮತ್ತೆ ಹಾರಿಸಬಹುದಿತ್ತು. ಯೋಜನೆಗಳಲ್ಲಿ ಸಾಮಾನ್ಯವಾಗಿ ನಡೆಯುವುದೂ ಅಷ್ಟೇ, ಮತ್ತು ನನ್ನ ದೃಷ್ಟಿಯಲ್ಲಿ ಅದು ಅರ್ಧ ಕಲಿಕೆ, ಏಕೆಂದರೆ ಮುಂದಿನ ಅವಘಡ ಹಳೆಯ ದಾರಿಯಲ್ಲೇ ಬರಬೇಕೆಂದಿಲ್ಲ. ಮುಂದಿನ ಯೋಜನೆಯಾದ ಚಂದ್ರಯಾನ-3ಕ್ಕೆ ಇಸ್ರೋ ತಂಡ ಪ್ರಶ್ನೆಯನ್ನೇ ಬದಲಿಸಿತು: ಎಲ್ಲವೂ ಸರಿಯಿದ್ದರೆ ಹೇಗೆ ಇಳಿಯುತ್ತದೆ ಎನ್ನುವ ಬದಲು, ಸಂವೇದಕವೋ ಎಂಜಿನ್ನೋ ಲೆಕ್ಕಾಚಾರವೋ ಕೈಕೊಟ್ಟರೂ ಇಳಿಯುವುದು ಹೇಗೆ ಎಂದು ಕೇಳಿಕೊಂಡಿತು. ಇಳಿಯುವ ಪ್ರದೇಶ 4 ಕಿ.ಮೀ. ಉದ್ದ, 2.4 ಕಿ.ಮೀ. ಅಗಲಕ್ಕೆ ಹಿಗ್ಗಿತು. ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ನೆಲ ಮುಟ್ಟಿದರೂ ತಡೆದುಕೊಳ್ಳುವಷ್ಟು ಕಾಲುಗಳು ಗಟ್ಟಿಯಾದವು. ಇಂಧನ ಹೆಚ್ಚಿತು, ಎಂಜಿನ್‌ಗಳು ನಾಲ್ಕಾದವು, ವೇಗವನ್ನು ನೇರವಾಗಿ ಅಳೆಯುವ ಲೇಸರ್ ಉಪಕರಣ ಸೇರಿತು. ಹೆಲಿಕಾಪ್ಟರಿನಲ್ಲಿ ಸಂವೇದಕಗಳನ್ನೂ, ಎತ್ತರದ ಕ್ರೇನಿಗೆ ತೂಗುಬಿಟ್ಟು ಎಂಜಿನ್ ಮತ್ತು ನಿಯಂತ್ರಣ ವ್ಯವಸ್ಥೆಯನ್ನೂ ಪರೀಕ್ಷಿಸಲಾಯಿತು.

ಹಿಂದಿನ ಯೋಜನೆಯಲ್ಲಿ ಗೆದ್ದದ್ದನ್ನೂ ತಂಡ ಅಷ್ಟೇ ಶ್ರದ್ಧೆಯಿಂದ ಬಳಸಿಕೊಂಡಿತೆಂಬುದನ್ನು ನಾವು ಮರೆಯುತ್ತೇವೆ. ಚಂದ್ರಯಾನ-2ರ ಕಕ್ಷಾನೌಕೆ ಸುಸ್ಥಿತಿಯಲ್ಲಿದ್ದುದರಿಂದ ಚಂದ್ರಯಾನ-3ಕ್ಕೆ ಮತ್ತೊಂದನ್ನು ಕಟ್ಟಬೇಕಾಗಲಿಲ್ಲ; ಅದು ತೆಗೆದಿದ್ದ ಸೂಕ್ಷ್ಮ ಚಿತ್ರಗಳೇ ಹೊಸ ಇಳಿದಾಣದ ಆಯ್ಕೆಗೆ ನೆರವಾದವು. 2023ರ ಆಗಸ್ಟ್ 23ರ ಸಂಜೆ 6.04ಕ್ಕೆ ಚಂದ್ರಯಾನ-3ರ ಲ್ಯಾಂಡರ್ ದಕ್ಷಿಣ ಧ್ರುವದ ಸಮೀಪ ಮೆಲ್ಲನೆ ಇಳಿದಾಗ, ಬೆಂಗಳೂರಿನ ನಿಯಂತ್ರಣ ಕೇಂದ್ರದೊಡನೆ ಸಂಪರ್ಕಕ್ಕೆ ಪರ್ಯಾಯ ಕೊಂಡಿಯಾಗಿ ಅದೇ ಹಳೆಯ ಕಕ್ಷಾನೌಕೆ ಮೇಲೆ ಸುತ್ತುತ್ತಿತ್ತು.