ಗುಮ್ಮಟವೋ ಗುಂಬಜೋ: ವಿಜಯಪುರದ ಒಂದು ಹೆಸರಿನ ಜಾಡು

ಕಟ್ಟಡ ಒಂದೇ. ಕನ್ನಡ ಪತ್ರಿಕೆಗಳಲ್ಲಿ ಅದು ಗೋಳಗುಮ್ಮಟ, ರೈಲಿನ ಹೆಸರಿನಲ್ಲಿ ಗೋಲ್‌ಗುಂಬಜ್. ಸುತ್ತಲಿನ ಹಳ್ಳಿಗಳಿಂದ ಬಂದವರಿಗೆ ಅಷ್ಟೂ ಬೇಕಿಲ್ಲ, ‘ಗುಮ್ಮಟಕ್ಕ ಹೋಗಿ ಬಂದ್ವಿ’ ಅಂದರೆ ಮುಗಿಯಿತು. ಗುಂಬಜ್ ಎಂಬುದೇ ಶುದ್ಧ ರೂಪ, ಗುಮ್ಮಟ ಎಂಬುದು ಹಳ್ಳಿಗರ ಬಾಯಲ್ಲಿ ಕೆಟ್ಟ ರೂಪ ಎಂದು ನಂಬಿದವರು ಓದಿದವರಲ್ಲೂ ಇದ್ದಾರೆ. ಪದದ ಜಾಡು ಹಿಡಿದು ಹೋದರೆ ಆ ನಂಬಿಕೆ ನಿಲ್ಲುವುದಿಲ್ಲ.

ಪದದ ತವರು ಇರಾನ್. ಮಧ್ಯಯುಗಕ್ಕೂ ಮುಂಚಿನ ಪಹ್ಲವಿ ಭಾಷೆಯಲ್ಲಿ ಅದು ‘ಗುಂಬದ್’, ಇಂದಿನ ಇರಾನಿನಲ್ಲಿ ‘ಗೊಂಬದ್’. ಕೊನೆಯಲ್ಲಿ ಇರುವುದು ದಕಾರವೇ ಹೊರತು ಜಕಾರವಲ್ಲ. ಹಾಗಾದರೆ ಜಕಾರ ಎಲ್ಲಿಂದ ಬಂತು? ಹತ್ತು-ಹನ್ನೊಂದನೇ ಶತಮಾನದ ಪರ್ಷಿಯನ್ನಿನಲ್ಲಿ ಸ್ವರದ ನಂತರ ಬರುವ ದಕಾರವನ್ನು ನಾಲಗೆ ಸಡಿಲಿಸಿ, ದ ಮತ್ತು ಜ ಎರಡರ ನಡುವಿನ ಒಂದು ದನಿಯಾಗಿ ಉಚ್ಚರಿಸುತ್ತಿದ್ದರು. ಅದನ್ನು ಬರೆಯಲು ‘ಜಾಲ್’ ಎಂಬ ಬೇರೆ ಅಕ್ಷರವೇ ಇತ್ತು. ಮುಂದೆ ಈ ದನಿ ಕೆಲವು ಪದಗಳಲ್ಲಿ ದಕಾರಕ್ಕೆ ಮರಳಿತು, ಕೆಲವದರಲ್ಲಿ ಜಕಾರವಾಗಿ ಉಳಿಯಿತು. ನಾವು ದಿನವೂ ಬಳಸುವ ಇನ್ನೊಂದು ಪದದಲ್ಲೂ ಇದೇ ನಡೆದಿದೆ. ಉರ್ದುವಿನವರು ‘ಕಾಗಜ್’ ಎನ್ನುತ್ತಾರೆ, ಕನ್ನಡಿಗರೂ ಮರಾಠಿಗರೂ ‘ಕಾಗದ’, ‘ಕಾಗದ್’ ಎನ್ನುತ್ತೇವೆ. ನಮ್ಮ ಕಾಗದವನ್ನು ಕೆಟ್ಟ ಕಾಗಜ್ ಎಂದು ಯಾರೂ ಹೀಗಳೆಯುವುದಿಲ್ಲ. ಗುಮ್ಮಟಕ್ಕೂ ಅದೇ ಮರ್ಯಾದೆ ಸಲ್ಲಬೇಕು. ಗುಂಬಜ್ ಮತ್ತು ಗುಮ್ಮಟ ಒಂದೇ ತಾಯಿಯ ಮಕ್ಕಳು. ಮೂಲದ ದಕಾರದ ಗುರುತು ಉಳಿದಿರುವುದು ನಮ್ಮ ಟಕಾರದಲ್ಲೇ. ತೆಲುಗಿನಲ್ಲೂ ಅದು ‘ಗುಮ್ಮಟಮು’.

ರೂಪ ಬದಲಾದಂತೆ ಅರ್ಥವೂ ಜರುಗಿದೆ. ಮೊದಲಿಗೆ ಅದು ಕಮಾನಿನಾಕಾರದ ದುಂಡು ಛಾವಣಿ. ಆರ್ಮೇನಿಯದ ‘ಗ್ಂಬೆತ್’, ಜಾರ್ಜಿಯದ ‘ಗುಂಬತಿ’ ಎರಡೂ ಅದೇ ಪದ, ಅಲ್ಲಿ ಅವು ಚರ್ಚಿನ ನೆತ್ತಿಯ ಮೇಲಿವೆ. ಇರಾನಿನಲ್ಲೋ ಛಾವಣಿಯ ಹೆಸರು ಕೆಳಗಿನ ಗೋರಿಗೂ ಇಳಿಯಿತು. ಅಲ್ಲಿನ ಗೊಂಬದ್-ಎ-ಕಾಬೂಸ್ 1006ರಲ್ಲಿ ಕಟ್ಟಿಸಿದ ಇಟ್ಟಿಗೆಯ ಗೋಪುರ. ಅದರ ತುದಿ ಶಂಕುವಿನಂತೆ ಚೂಪು, ಹೊರಗಿನಿಂದ ನೋಡಿದರೆ ದುಂಡು ಛಾವಣಿಯೇ ಕಾಣದು. ಆದರೂ ಅದು ಗೊಂಬದ್, ಯಾಕೆಂದರೆ ಅದು ಸಮಾಧಿ. ತುರ್ಕಿಯ ‘ಕ್ಯುಂಬೆತ್’ ಕೂಡ ಚೂಪು ತುದಿಯ ಗೋರಿಯೇ. ಕಿರ್ಗಿಜ್ ಜನ ತಮ್ಮ ಮಹಾಕಾವ್ಯದ ನಾಯಕ ಮನಾಸನದೆಂದು ಪೂಜ್ಯವಾಗಿ ಕಾಣುವ, 1334ರ ಸಮಾಧಿಯನ್ನು ‘ಕ್ಯುಂಬ್ಯೋಜ್’ ಎನ್ನುತ್ತಾರೆ. ಶ್ರೀರಂಗಪಟ್ಟಣದ ಗುಂಬಜ್ ಎಂದಾಗಲೂ ನಮಗೆ ನೆನಪಾಗುವುದು ಹೈದರ್, ಟಿಪ್ಪು ಮಲಗಿರುವ ಜಾಗ.

ವಿಜಯಪುರದಲ್ಲಿ ಎರಡು ಅರ್ಥಗಳೂ ಒಂದೇ ಕಡೆ ಕೂಡಿವೆ. 1627ರಿಂದ 1656ರವರೆಗೆ ಆಳಿದ ಮುಹಮ್ಮದ್ ಆದಿಲ್‌ಶಾಹನ ಸಮಾಧಿ ಅದು. ಒಳಗೆ ಸುಮಾರು 38 ಮೀಟರ್ ಅಗಲದ ಛಾವಣಿಯನ್ನು ನಡುವೆ ಒಂದು ಕಂಬವೂ ಇಲ್ಲದೆ, ಒಂದನ್ನೊಂದು ಹಾಯುವ ಕಮಾನುಗಳ ಮೇಲೆ ನಿಲ್ಲಿಸಿದ್ದಾರೆ. ಹೆಸರಿನ ಮೊದಲರ್ಧದ ಬಗ್ಗೆಯೂ ಒಂದು ಮಾತು ಹೇಳಬೇಕು. ಪರ್ಷಿಯನ್ನಿನಲ್ಲಿ ‘ಗುಲ್’ ಎಂದರೆ ಹೂವು, ಗುಲಾಬಿ. ಛಾವಣಿಯ ಬುಡದಲ್ಲಿ ಕಮಲದ ಎಸಳುಗಳೂ ಇರುವುದರಿಂದ ಹೂವಿನ ಗುಮ್ಮಟ ಎಂದು ಅರ್ಥ ಹೇಳುವ ಆಸೆ ಹುಟ್ಟುವುದು ಸಹಜ. ಆದರೆ ಹೂವಿನ ಗುಲ್‌ನಲ್ಲಿರುವುದು ಹ್ರಸ್ವ, ಇಲ್ಲಿರುವುದು ದೀರ್ಘ ಓಕಾರ. ಇದು ದುಂಡು ಎಂಬ ಅರ್ಥದ, ಈ ನೆಲದ ‘ಗೋಲ’, ನಮ್ಮ ‘ಗೋಳ’. ಅರ್ಧ ಇಲ್ಲಿಯದು, ಅರ್ಧ ಅಲ್ಲಿಯದು. ಆದಿಲ್‌ಶಾಹಿ ಬಿಜಾಪುರಕ್ಕೆ ಇದು ತಕ್ಕ ಹೆಸರೇ. ಒಂದನೇ ಇಬ್ರಾಹಿಂ ಲೆಕ್ಕಪತ್ರಗಳನ್ನು ಪರ್ಷಿಯನ್ನಿನಿಂದ ಸ್ಥಳೀಯ ಭಾಷೆಗೆ ತಂದನೆಂದು ಇದೇ ಊರಿನ ಆಸ್ಥಾನದಲ್ಲಿದ್ದ ಚರಿತ್ರೆಕಾರ ಫರಿಶ್ತಾ ಬರೆದಿದ್ದಾನೆ. ಎರಡನೇ ಇಬ್ರಾಹಿಂ ತನ್ನ ‘ಕಿತಾಬ್-ಎ-ನೌರಸ್’ ಹಾಡುಗಳನ್ನು ದಖ್ಖನಿಯಲ್ಲಿ ಕಟ್ಟಿದ.

ಮರಾಠಿಗೆ ದಾಟಿದಾಗ ಪದಕ್ಕೆ ಉಸಿರು ಸೇರಿ ‘ಘುಮಟ್’ ಆಯಿತು. ಮರಾಠಿಯಲ್ಲಿ ‘ಘುಮಣೇ’ ಎಂದರೆ ಮೊಳಗುವುದು. ಘಕಾರ ಅದರ ಸಹವಾಸದಿಂದ ಬಂದಿರಬೇಕೆಂದು ನನ್ನ ಊಹೆ. ಪಿಸುಮಾತನ್ನೂ ಆಚೆ ಗೋಡೆಗೆ ಮುಟ್ಟಿಸುವ ಛಾವಣಿಗೆ ಆ ಹೆಸರು ಒಪ್ಪುತ್ತದೆ ಕೂಡ. ಖಾನಾಪುರದ ಕಾಡು ದಾಟಿ ಗೋವೆಗಿಳಿದರೆ ಘುಮಟ್ ಎಂದರೆ ಮಣ್ಣಿನ ಮಡಕೆಯ ಬಾಯಿಗೆ ಚರ್ಮ ಬಿಗಿದ ವಾದ್ಯ. ಉತ್ತರ ಕನ್ನಡದ ಹಾಲಕ್ಕಿಗಳಲ್ಲಿ ಅದು ಗುಮಟೆ.

ಇನ್ನು ಶ್ರವಣಬೆಳಗೊಳದ ಗೊಮ್ಮಟ. ಅವನನ್ನು ಗುಮ್ಮಟ ಎಂದೂ ಬರೆಯುವುದುಂಟು, ಹಾಗಾಗಿ ಎರಡನ್ನೂ ಒಂದೇ ಎಂದುಕೊಳ್ಳುವುದು ಸುಲಭ. ಕಾಲವೇ ಅದನ್ನು ತಳ್ಳಿಹಾಕುತ್ತದೆ. ಬೊಪ್ಪಣ ಕವಿ ಸುಮಾರು 1180ರಲ್ಲೇ ಕನ್ನಡದಲ್ಲಿ ಗೊಮ್ಮಟನನ್ನು ಹಾಡಿ ಹೊಗಳಿದ್ದಾನೆ. ಪರ್ಷಿಯನ್ ಆಡಳಿತ ಭಾಷೆಯಾಗಿದ್ದ ದಖ್ಖನಿನ ಬಹಮನಿ ರಾಜ್ಯ ಹುಟ್ಟಿದ್ದು 1347ರಲ್ಲಿ. ಮಂಜೇಶ್ವರದ ಗೋವಿಂದ ಪೈಯವರು ಗೊಮ್ಮಟ ಪದವನ್ನು ಮನ್ಮಥನಿಂದ ಬಿಡಿಸಿದರು. ಜೈನರಲ್ಲಿ ಬಾಹುಬಲಿ ಕಾಮದೇವ ಎಂಬ ನಂಬಿಕೆಯೂ ಇದೆ. ಆದರೆ ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ 1906ರಲ್ಲಿ ಹುಟ್ಟಿದ ವಿದ್ವಾಂಸ ಆ. ನೇ. ಉಪಾಧ್ಯೆ ಒಪ್ಪಲಿಲ್ಲ. ಮರಾಠಿ, ಕನ್ನಡ ಎರಡೂ ಕಿವಿಗೆ ಬೀಳುವ ಗಡಿಯ ಊರು ಅವರದು. ‘ಗೋರಾ-ಗೋಮಟಾ’ ಎಂದು ಚೆಲುವನನ್ನು ಇಂದಿಗೂ ಮರಾಠಿಗರು ಕರೆಯುತ್ತಾರೆ, ಬೆಳಗಾವಿಯ ಸಂತೆಯಲ್ಲೂ ಕೇಳಬಹುದು. ಗೊಮ್ಮಟ ಎಂಬುದು ಚಾವುಂಡರಾಯನ ಮನೆಯ ಹೆಸರು, ಅವನು ಮಾಡಿಸಿದ ವಿಗ್ರಹಕ್ಕೆ ಗೊಮ್ಮಟೇಶ್ವರ ಎಂಬ ಹೆಸರು ಅದರಿಂದ ಬಂತು ಎಂಬುದು ಉಪಾಧ್ಯೆಯವರ ವಾದ. ಚಾವುಂಡರಾಯನಿಗಾಗಿ ನೇಮಿಚಂದ್ರರು ಬರೆದ ಪ್ರಾಕೃತ ಗ್ರಂಥದ ಹೆಸರೂ ‘ಗೊಮ್ಮಟಸಾರ’.

ನನಗೆ ಉಪಾಧ್ಯೆಯವರ ಮಾತೇ ಸರಿ ಕಾಣುತ್ತದೆ. ವಿಗ್ರಹದ ಪಾದದ ಬಳಿ ‘ಶ್ರೀ ಚಾವುಣ್ಡರಾಜಂ ಮಾಡಿಸಿದಂ’ ಎಂದು ಕನ್ನಡದಲ್ಲಿಯೂ, ‘ಶ್ರೀ ಚಾವುಂಡರಾಜೇಂ ಕರವಿಯಲೇಂ’ ಎಂದು ಮರಾಠಿಯಲ್ಲಿಯೂ ಕೆತ್ತಿದ್ದಾರೆ. ಮಾಡಿಸಿದವನ ಹೆಸರು ಎರಡರಲ್ಲೂ ಇದೆ, ಗೊಮ್ಮಟ ಎಂಬ ಪದ ಎರಡರಲ್ಲೂ ಇಲ್ಲ.