ಹೆಸರು ಒಂದೇ, ಸರಕು ಬೇರೆ

ಕಡಿಮೆ ಬಜೆಟ್‌ನಲ್ಲಿ ಗೇಮಿಂಗ್ ಕಂಪ್ಯೂಟರ್ ಅಸೆಂಬಲ್ ಮಾಡಿಸಲು ಬರುವವರಲ್ಲಿ ಹೆಚ್ಚಿನವರ ಬಳಿ ಒಂದು ಪಟ್ಟಿ ಇರುತ್ತದೆ. ವಿಡಿಯೊ ನೋಡಿ ಮಗ ಬರೆದುಕೊಂಡದ್ದು, ಹಣ ಕೊಡುವ ಅಪ್ಪ ಮೊಬೈಲ್‌ನಲ್ಲಿ ತಂದು ತೋರಿಸುವುದು. ‘ಐ7 ಪ್ರೊಸೆಸರ್, 16 ಜಿಬಿ ರ್‍ಯಾಮ್, ಆರ್‌ಟಿಎಕ್ಸ್ 3050, 450 ವ್ಯಾಟ್ ಎಸ್‌ಎಂಪಿಎಸ್.’ ಈ ಪಟ್ಟಿ ಹಿಡಿದು ಬೆಂಗಳೂರಿನ ಎಸ್.ಪಿ. ರಸ್ತೆಯ ಎರಡು ಅಂಗಡಿಗಳಿಗೆ ಹೋದರೆ ಎರಡು ದರ ಸಿಗುತ್ತವೆ, ಎರಡು ಅಂಗಡಿಯವರೂ ಸುಳ್ಳು ಹೇಳಿರುವುದಿಲ್ಲ. ಒಬ್ಬರು ಕೊಟ್ಟ ಯಂತ್ರದಲ್ಲಿ ಆಟ ಓಡುತ್ತದೆ, ಇನ್ನೊಬ್ಬರದರಲ್ಲಿ ತೆವಳುತ್ತದೆ. ಯಾಕೆಂದರೆ ಆ ನಾಲ್ಕು ಹೆಸರುಗಳಲ್ಲಿ ಒಂದೂ ಪೂರ್ತಿ ಹೆಸರಲ್ಲ.

ಮೊದಲು ಐ7. ಬಣ್ಣದ ದೀಪಗಳ ಕ್ಯಾಬಿನೆಟ್ಟಿನಲ್ಲಿ ‘ಐ7 ಗೇಮಿಂಗ್ ಪಿಸಿ’ ಎಂದು ನಂಬಲಾಗದ ಬೆಲೆಗೆ ಆನ್‌ಲೈನ್‌ನಲ್ಲಿ ಮಾರುವವರು ಇದ್ದಾರೆ. ಒಳಗಿರುವುದು ಹಲವು ಸಲ ಐ7-2600, ಅಂದರೆ 2011ರ ಚಿಪ್. ಅದಕ್ಕೆ 4 ಕೋರ್ (ಲೆಕ್ಕ ಮಾಡುವ ಘಟಕ), 8 ಥ್ರೆಡ್ (ಏಕಕಾಲಕ್ಕೆ ಸಾಗುವ ಕೆಲಸದ ಸಾಲು). 2022ರ ಐ3-12100ಎಫ್‌ಗೂ ಅಷ್ಟೇ ಕೋರ್, ಅಷ್ಟೇ ಥ್ರೆಡ್. ಆದರೂ ಈ ಐ3 ಆ ಐ7ನ್ನು ಬಹಳ ಹಿಂದೆ ಬಿಡುತ್ತದೆ. ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ವಿಂಡೋಸ್ 11 ಇಂಟೆಲ್‌ನ ಎಂಟನೇ ಪೀಳಿಗೆಗಿಂತ ಹಳೆಯದನ್ನು, ಕೆಲವೇ ಚಿಪ್‌ಗಳ ಹೊರತು, ಅಧಿಕೃತವಾಗಿ ಒಪ್ಪುವುದಿಲ್ಲ; ಐ7-2600 ಎರಡನೇ ಪೀಳಿಗೆಯದು. ಹುಡುಗರು ಆಡುವ ವ್ಯಾಲೊರಂಟ್‌ಗೆ ವಿಂಡೋಸ್ 11ರಲ್ಲಿ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎಂಬ ಭದ್ರತಾ ಸೌಲಭ್ಯಗಳು ಇರಲೇಬೇಕು, ಅಷ್ಟು ಹಳೆಯ ಯಂತ್ರದಲ್ಲಿ ಅವು ಸಾಮಾನ್ಯವಾಗಿ ಇರುವುದಿಲ್ಲ. ಹೀಗಿರುವಾಗ ಆ ಅಗ್ಗದ ಐ7 ಯಾರಿಗೂ ಅಗ್ಗವಲ್ಲ.

ನನ್ನನ್ನು ಕೇಳಿದರೆ, ಇಂಟೆಲ್‌ನಲ್ಲಿ ಐ5-12400ಎಫ್, ಎಎಂಡಿಯಲ್ಲಿ ರೈಜನ್ 5 5600 ಈ ಬಜೆಟ್ಟಿಗೆ ಸಾಕು. ಎರಡಕ್ಕೂ 6 ಕೋರ್. ಎಎಂಡಿಯ 5600, 5600ಜಿ, 5500 ಮೂರನ್ನೂ ಒಂದೇ ಎಂದುಕೊಳ್ಳುವವರು ಬಹಳ. 5600ರಲ್ಲಿ 32 ಎಂಬಿ ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) ಇದೆ, ಉಳಿದೆರಡರಲ್ಲಿ ಅದರ ಅರ್ಧ. ಗ್ರಾಫಿಕ್ಸ್ ಕಾರ್ಡ್ ಮದರ್‌ಬೋರ್ಡಿಗೆ ಸೇರುವ ದಾರಿಯಾದ ಪಿಸಿಐಇಯಲ್ಲಿ ಅವೆರಡೂ ಹಳೆಯ, ನಿಧಾನದ 3.0ಕ್ಕೇ ನಿಲ್ಲುತ್ತವೆ. ಈಗ ಗ್ರಾಫಿಕ್ಸ್ ಕಾರ್ಡ್ ಕೊಳ್ಳಲು ಹಣವಿಲ್ಲ, ಮುಂದಿನ ವರ್ಷ ನೋಡೋಣ ಎನ್ನುವವರಿಗೆ ಮಾತ್ರ 5600ಜಿ, ಯಾಕೆಂದರೆ ಅದರೊಳಗೆ ಗ್ರಾಫಿಕ್ಸ್ ಇದೆ. ಇನ್ನೊಂದು ಮಾತು: ಪೆಟ್ಟಿಗೆಯಿಲ್ಲದ ‘ಟ್ರೇ’ ಪ್ರೊಸೆಸರ್‌ಗೆ ಕೂಲರ್ ಸಾಮಾನ್ಯವಾಗಿ ಬರುವುದಿಲ್ಲ. ದರ ಹೋಲಿಸುವಾಗ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಹಣದ ದೊಡ್ಡ ಪಾಲು ಹೋಗಬೇಕಾದದ್ದು ಗ್ರಾಫಿಕ್ಸ್ ಕಾರ್ಡಿಗೆ, ದೊಡ್ಡ ಮೋಸವೂ ಅಲ್ಲೇ. ಆರ್‌ಟಿಎಕ್ಸ್ 3050 ಎಂದು ಕೇಳಿದರೆ ನಿಮಗೆ 2022ರ 8 ಜಿಬಿ ಕಾರ್ಡ್ ಸಿಗಬಹುದು, 2024ರ 6 ಜಿಬಿ ಕಾರ್ಡೂ ಸಿಗಬಹುದು. ವ್ಯತ್ಯಾಸ 2 ಜಿಬಿ ಮಾತ್ರ ಎಂದು ಅಂಗಡಿಯ ಹುಡುಗ ಹೇಳುತ್ತಾನೆ. ಹಾಗಲ್ಲ. ಮೊದಲನೆಯದರಲ್ಲಿ 2560 ಕೋರ್, ಎರಡನೆಯದರಲ್ಲಿ 2304. ಮೆಮೊರಿಯ ದಾರಿ 128 ಬಿಟ್‌ನಿಂದ 96ಕ್ಕೆ ಕಿರಿದಾಗಿದೆ. ವಿದ್ಯುತ್ ಮಿತಿ 130 ವ್ಯಾಟ್‌ನಿಂದ 70ಕ್ಕೆ ಇಳಿದಿದೆ. ಈ 70 ವ್ಯಾಟ್‌ನಿಂದ ಒಂದು ಉಪಯೋಗವೂ ಉಂಟು. ಬೇರೆ ಪವರ್ ಕೇಬಲ್ ಬೇಡದ್ದರಿಂದ ಕಚೇರಿಯಿಂದ ಹೊರಬಿದ್ದ ಹಳೆಯ ಬ್ರ್ಯಾಂಡೆಡ್ ಕಂಪ್ಯೂಟರಿಗೆ ಅದನ್ನು ಸಿಕ್ಕಿಸಬಹುದು. ಹೊಸದಾಗಿ ಕಟ್ಟಿಸುವವರಿಗೆ ಅದು ಬೇಡ. ರೇ ಟ್ರೇಸಿಂಗ್ (ನೆರಳು-ಬೆಳಕನ್ನು ನಿಜದಂತೆ ಮೂಡಿಸುವ ವಿಧಾನ) ಮೇಲೆ ಆಸೆಯಿಲ್ಲದೆ 1080ಪಿಯಲ್ಲಿ ಆಡುವವರಿಗೆ ಎಎಂಡಿಯ ಆರ್‌ಎಕ್ಸ್ 6600 ಸಿಕ್ಕರೆ 3050ಯ ಎರಡೂ ರೂಪಗಳಿಗಿಂತ ಅದೇ ಮೇಲು. ಅದರ ತಮ್ಮ ಆರ್‌ಎಕ್ಸ್ 6500 ಎಕ್ಸ್‌ಟಿಯ ಹತ್ತಿರ ಹೋಗಬೇಡಿ. 4 ಜಿಬಿ ಮೆಮೊರಿ, ಬೋರ್ಡಿನೊಂದಿಗೆ ಮಾತಾಡಲು ನಾಲ್ಕೇ ಲೇನ್. ಪಿಸಿಐಇ 3.0 ಇರುವ, ಎಎಂಡಿಯ ಅಗ್ಗದ ಎ520 ಬೋರ್ಡಿಗೆ ಹಾಕಿದರೆ ಇನ್ನೂ ಸೊರಗುತ್ತದೆ. ಅಗ್ಗದ ಕಾರ್ಡು ಅಗ್ಗದ ಬೋರ್ಡಿನಲ್ಲೇ ಕೆಡುವುದು ಬಡವನ ಮೇಲೆ ಬರೆ ಎಳೆದಂತೆ.

ಸೆಕೆಂಡ್ ಹ್ಯಾಂಡ್ ಕಾರ್ಡ್‌ಗಳನ್ನು ನಾನು ಬೇಡವೆನ್ನುವುದಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಗ್ರಾಫಿಕ್ಸ್ ಕಾರ್ಡ್‌ಗಳಿಂದ ಇಥೀರಿಯಂ ಎಂಬ ಕ್ರಿಪ್ಟೊ ನಾಣ್ಯ ಗಳಿಸುವ ಗಣಿಗಾರಿಕೆ ನಿಂತ ಮೇಲೆ ಅಂಥ ಕಾರ್ಡುಗಳು ರಾಶಿಯಾಗಿ ಬಂದವು, ಎಷ್ಟೋ ಈಗಲೂ ಚೆನ್ನಾಗಿ ಓಡುತ್ತಿವೆ. ಆದರೆ ಹಣ ಕೊಡುವ ಮೊದಲು ಯಂತ್ರಕ್ಕೆ ಹಾಕಿಸಿ, ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ತಂತ್ರಾಂಶ ತೆರೆದು ನೋಡಿ. ಆರ್‌ಎಕ್ಸ್ 580 ಎಂದು ಕೊಟ್ಟದ್ದರಲ್ಲಿ ಶೇಡರ್ (ಕಾರ್ಡಿನ ಕೋರ್) ಸಂಖ್ಯೆ 2304 ಇರಬೇಕು. 2048 ಎಂದು ತೋರಿಸಿದರೆ ಅದು ಚೀನಾ ಮಾರುಕಟ್ಟೆಗೆ ಬಂದ ಕಿರಿಯ ರೂಪ, 570ಕ್ಕೆ ಸಮ. ಅದಕ್ಕೆ 570ರ ಬೆಲೆ ಕೊಡಿ.

ರ್‍ಯಾಮ್ ವಿಷಯದಲ್ಲಿ ಹಳೆಯ ಸಲಹೆಗಳೆಲ್ಲ ತಲೆಕೆಳಗಾಗಿವೆ. ಎಐ ಡೇಟಾ ಸೆಂಟರ್‌ಗಳು ಮೆಮೊರಿಯನ್ನೆಲ್ಲ ಎಳೆದುಕೊಳ್ಳತೊಡಗಿ 2025ರ ಕೊನೆಯ ತಿಂಗಳುಗಳಿಂದ ಬೆಲೆ ಏರಿತು. ಮೈಕ್ರಾನ್ ಕಂಪನಿಯಂತೂ ಅದೇ ಡಿಸೆಂಬರ್‌ನಲ್ಲಿ ತನ್ನ ಗ್ರಾಹಕ ಬ್ರ್ಯಾಂಡ್ ಕ್ರೂಶಿಯಲ್ ಅನ್ನೇ ಮುಚ್ಚುವುದಾಗಿ ಪ್ರಕಟಿಸಿತು. ‘ಎಎಂ5 ಬೋರ್ಡ್ ಹಾಕಿಸಿ, ಮುಂದೆ ಅಪ್‌ಗ್ರೇಡ್ ಮಾಡಬಹುದು’ ಎಂಬ ಸಲಹೆ ತಪ್ಪಲ್ಲ, ಆದರೆ ಎಎಂಡಿಯ ಹೊಸ ಸಾಕೆಟ್ ಆದ ಎಎಂ5 ತೆಗೆದುಕೊಳ್ಳುವುದು ಹೊಸ ಪೀಳಿಗೆಯ ಡಿಡಿಆರ್5 ಮೆಮೊರಿ ಮಾತ್ರ. ಮನೆಯ ಹಳೆಯ ಕಂಪ್ಯೂಟರಿನಲ್ಲಿ ಡಿಡಿಆರ್4 ಕಡ್ಡಿಗಳಿದ್ದರೆ ಅವನ್ನು ಮಾರಬೇಡಿ, ಅವಕ್ಕೆ ಹೊಂದುವ ಬೋರ್ಡನ್ನೇ ಆರಿಸಿ. ಹೊಸದಾಗಿ ಕೊಳ್ಳುವವರು 16 ಜಿಬಿಯ ಒಂದು ಕಡ್ಡಿಗಿಂತ 8 ಜಿಬಿಯ ಎರಡು ತೆಗೆದುಕೊಳ್ಳುವುದು ಒಳ್ಳೆಯದು. 5600ಜಿ ಹಾಕಿಸುವವರಂತೂ ಎರಡನ್ನೇ ಹಾಕಿಸಬೇಕು, ಏಕೆಂದರೆ ಅದರ ಗ್ರಾಫಿಕ್ಸ್‌ಗೆ ಬೇರೆ ಮೆಮೊರಿಯೇ ಇಲ್ಲ, ಈ ಕಡ್ಡಿಗಳನ್ನೇ ಬಳಸುತ್ತದೆ; ಎರಡಿದ್ದರೆ ಅದಕ್ಕೆ ದಾರಿ ಇಮ್ಮಡಿ.

ಇನ್ನು ಎಸ್‌ಎಂಪಿಎಸ್, ಅಂದರೆ ಪ್ಲಗ್ಗಿನ ವಿದ್ಯುತ್ತನ್ನು ಒಳಗಿನ ಭಾಗಗಳಿಗೆ ತಕ್ಕಂತೆ ಇಳಿಸಿ ಕೊಡುವ ಡಬ್ಬ. ಪಟ್ಟಿಯ ಕೊನೆಯ ಸಾಲು, ಚೌಕಾಸಿಯಲ್ಲಿ ಮೊದಲು ಬಲಿಯಾಗುವುದೂ ಅದೇ. ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ 450 ಎಂದಿರುತ್ತದೆ. ಮಗ್ಗುಲಿಗೆ ತಿರುಗಿಸಿ, ಅಲ್ಲಿ ಸಣ್ಣದೊಂದು ಕೋಷ್ಟಕ ಇದೆ. +12 ವೋಲ್ಟ್ ಕೆಳಗಿನ ಆಂಪಿಯರ್ ಓದಿ. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ ವಿದ್ಯುತ್ ಎಳೆಯುವುದು ಮುಖ್ಯವಾಗಿ ಅಲ್ಲಿಂದ. 37 ಆಂಪಿಯರ್ ಇದ್ದರೆ 12ರಿಂದ ಗುಣಿಸಿದಾಗ 444 ವ್ಯಾಟ್, ಹೆಸರಿಗೆ ತಕ್ಕ ಸರಕು. 16 ಆಂಪಿಯರ್ ಇದ್ದರೆ 192 ವ್ಯಾಟ್. ಆರ್‌ಎಕ್ಸ್ 6600 ಒಂದೇ 132 ವ್ಯಾಟ್ ತಿನ್ನುತ್ತದೆ, 5600ಗೆ ಇನ್ನು 65ರಿಂದ 76. ಲೆಕ್ಕ ಅಲ್ಲಿಗೇ ಮೀರಿತು. ಇಂಥ ಡಬ್ಬ ಅಂಗಡಿಯಲ್ಲಿ ವಿಂಡೋಸ್ ತೆರೆದು ತೋರಿಸುವಷ್ಟು ಹೊತ್ತು ನಡೆಯುತ್ತದೆ, ಮನೆಯಲ್ಲಿ ಆಟದ ನಡುವೆ ಆರುತ್ತದೆ. ಹೋಗುವಾಗ ಬೋರ್ಡನ್ನೂ ಜೊತೆಗೆ ಕರೆದುಕೊಂಡು ಹೋದದ್ದನ್ನು ರಿಪೇರಿ ಮೇಜಿನ ಮೇಲೆ ಬೇಕಾದಷ್ಟು ನೋಡಿದ್ದೇನೆ. ಹೆಸರಾಂತ ಕಂಪನಿಯ ಸಾಚಾ 450 ವ್ಯಾಟ್ ಈ ಜೋಡಿಗೆ ಧಾರಾಳವಾಗಿ ಸಾಕು, 750 ಬೇಡ. ಮನೆಯ ಪ್ಲಗ್ಗಿನಲ್ಲಿ ಅರ್ಥಿಂಗ್ ಇದೆಯೇ ಎಂದೂ ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುತ್ತದೆ ಎಂದು ದೂರುವವರ ಮನೆಗಳಲ್ಲಿ ಹೆಚ್ಚಾಗಿ ಕೊರತೆ ಅದೇ.

ಕ್ಯಾಬಿನೆಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮುಂಭಾಗ ಗಾಜಾಗಿದ್ದರೆ ಚೆಂದ, ಜಾಲರಿಯಾಗಿದ್ದರೆ ತಂಪು. ರಾಯಚೂರು, ಕಲಬುರಗಿಯ ಬೇಸಿಗೆಗೆ ಕೊಂಡೊಯ್ಯುವವರಿಗೆ ಗಾಜು ಕೊಡಲು ನನಗೆ ಮನಸ್ಸಾಗುವುದಿಲ್ಲ.

ಬಿಲ್ಲಿನಲ್ಲಿ ಪ್ರತಿ ಭಾಗದ ಪೂರ್ಣ ಮಾಡೆಲ್ ಹೆಸರು, ಸೀರಿಯಲ್ ನಂಬರ್ ಬರೆಸಿಕೊಳ್ಳಿ. ‘ಗ್ರಾಫಿಕ್ಸ್ ಕಾರ್ಡ್ – 1’ ಎಂದು ಬರೆದ ಬಿಲ್ ಹಿಡಿದು ಎರಡು ವರ್ಷದ ನಂತರ ವಾರಂಟಿ ಕೇಳಿದರೆ ಸರ್ವಿಸ್ ಸೆಂಟರ್‌ನವರು ತಲೆ ಎತ್ತಿ ಸಹ ನೋಡುವುದಿಲ್ಲ. ಮನೆಗೆ ಹೋದ ಮೇಲೆ ಮಾನಿಟರ್ ಕೇಬಲ್ಲನ್ನು ಬೋರ್ಡಿಗಲ್ಲ, ಗ್ರಾಫಿಕ್ಸ್ ಕಾರ್ಡಿಗೆ ಚುಚ್ಚಿ. ಯಂತ್ರ ಆರಂಭವಾಗುವಾಗ ತೆರೆಯುವ ಬಯೋಸ್ ಸೆಟ್ಟಿಂಗ್‌ನಲ್ಲಿ ಎಕ್ಸ್‌ಎಂಪಿ (ಮೆಮೊರಿಯನ್ನು ಪೂರ್ಣ ವೇಗಕ್ಕೆ ಏರಿಸುವ ಆಯ್ಕೆ) ಆನ್ ಮಾಡಿ, ಇಲ್ಲದಿದ್ದರೆ 3200ರ ರ್‍ಯಾಮ್ 2400ರಲ್ಲೋ 2666ರಲ್ಲೋ ಓಡುತ್ತಿರುತ್ತದೆ. ಕೊನೆಗೆ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ರಿಫ್ರೆಶ್ ರೇಟ್ (ಪರದೆಯ ಚಿತ್ರ ಸೆಕೆಂಡಿಗೆ ಎಷ್ಟು ಸಲ ಬದಲಾಗುತ್ತದೆ ಎಂಬ ಎಣಿಕೆ) ನೋಡಿ: 144 ಹರ್ಟ್ಸ್ ಮಾನಿಟರ್‌ಗೆ ಹಣ ಕೊಟ್ಟವರು ತಿಂಗಳುಗಟ್ಟಲೆ 60ರಲ್ಲೇ ಆಡುತ್ತಿರುತ್ತಾರೆ, ವಿಂಡೋಸ್ ಎಷ್ಟೋ ಸಲ ಅದನ್ನು ತಾನಾಗಿ ಏರಿಸುವುದಿಲ್ಲ.