ಸಂಬಳ ಏರಿಸಿದರೆ ಕೆಲಸ ಹೋಗುತ್ತಾ? ಮತ್ತದೇ ಪ್ರಶ್ನೆ

ಪ್ರಶ್ನೆ: ಅಂಗಡಿ, ಸೂಪರ್ ಮಾರ್ಕೆಟ್ ಕೆಲಸಗಾರರ ಕನಿಷ್ಠ ವೇತನವನ್ನು ಪದೇ ಪದೇ ಯಾಕೆ ಪರಿಷ್ಕರಿಸಬೇಕು? ಏರಿಸುತ್ತಾ ಹೋದರೆ ಅವರ ಕೆಲಸಕ್ಕೇ ಕುತ್ತು ಅಲ್ವಾ?

ಇದಕ್ಕೆ ಎಷ್ಟು ಸಲ ಉತ್ತರ ಬರೆದೆನೋ, ಲೆಕ್ಕ ಇಡೋದನ್ನೇ ಬಿಟ್ಟಿದ್ದೇನೆ. ಮೊದಲರ್ಧ ಸುಲಭ. ಸಂಬಳದ ಅಂಕಿ ಇದ್ದಲ್ಲೇ ಇರುತ್ತದೆ, ಸಾಮಾನಿನ ಬೆಲೆ ಇದ್ದಲ್ಲೇ ಇರುವುದಿಲ್ಲ. ನಾಲ್ಕೈದು ವರ್ಷ ಯಾರೂ ಮುಟ್ಟದ ಕನಿಷ್ಠ ವೇತನ ಅಂದರೆ ಸದ್ದಿಲ್ಲದೆ ಕತ್ತರಿ ಬಿದ್ದ ವೇತನ. ಅದಕ್ಕೇ ಭಾರತದ 1948ರ ಕನಿಷ್ಠ ವೇತನ ಕಾಯ್ದೆ, 5 ವರ್ಷ ಮೀರದ ಹಾಗೆ ದರವನ್ನು ಮರುಪರಿಶೀಲಿಸಿ ಎಂದಿತ್ತು. ಬ್ರಿಟನ್‌ನಲ್ಲಂತೂ ಅದಕ್ಕೆಂದೇ ಒಂದು ಆಯೋಗ ಇದೆ, ವರ್ಷ ವರ್ಷವೂ ಕೂತು ನೋಡುತ್ತದೆ.

ಈಗ ಎರಡನೇ ಅರ್ಧ. ಟೊಮೆಟೊ ತುಟ್ಟಿಯಾದರೆ ಕಮ್ಮಿ ಕೊಳ್ಳುತ್ತೇವೆ, ಹಾಗೇ ಕೆಲಸಗಾರ ತುಟ್ಟಿಯಾದರೆ ಮಾಲೀಕ ಕಮ್ಮಿ ಜನ ಇಟ್ಟುಕೊಳ್ಳುತ್ತಾನೆ ಎನ್ನುವ ವಾದ. ಕೇಳೋಕೆ ಚೆನ್ನಾಗಿದೆ. ಆದರೆ ಇದನ್ನು ಹೇಳುವವರಲ್ಲಿ ಹೆಚ್ಚಿನವರು ಎಣಿಸಿ ನೋಡಿರುವುದಿಲ್ಲ. ಎಣಿಸಿದವರು ಇದ್ದಾರೆ. 1992ರ ಏಪ್ರಿಲ್‌ನಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯ ಗಂಟೆಯ ಕನಿಷ್ಠ ಕೂಲಿಯನ್ನು 4.25 ಡಾಲರ್‌ನಿಂದ 5.05ಕ್ಕೆ ಏರಿಸಿತು. ಪಕ್ಕದ ಪೆನ್ಸಿಲ್ವೇನಿಯಾ ಏರಿಸಲಿಲ್ಲ. ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಗಡಿಯ ಆಚೆ ಈಚೆಯ 410 ಫಾಸ್ಟ್ ಫುಡ್ ಮಳಿಗೆಗಳಲ್ಲಿ ಏರಿಕೆಗೆ ಮುಂಚೆ ಎಷ್ಟು ಜನ ಇದ್ದರು, ಆಮೇಲೆ ಎಷ್ಟು ಉಳಿದರು ಅಂತ ವಿಚಾರಿಸಿದರು. ನ್ಯೂಜೆರ್ಸಿಯಲ್ಲಿ ಕೆಲಸ ಕಮ್ಮಿಯಾದ ಗುರುತೇ ಸಿಗಲಿಲ್ಲ. 1994ರಲ್ಲಿ ಇದು ಅಚ್ಚಾದ ಮೇಲೆ ದೊಡ್ಡ ಜಗಳವೇ ಆಯಿತು. ಬೇರೆ ಅಂಕಿಅಂಶ ಹಿಡಿದು ಬಂದವರು, ಇಲ್ಲ, ಕೆಲಸ ಹೋಗಿದೆ ಎಂದರು. ಇವರಿಬ್ಬರೂ ಮತ್ತೆ ಲೆಕ್ಕ ಹಾಕಿ ಉತ್ತರ ಕೊಟ್ಟರು. ಕಾರ್ಡ್ ಅವರಿಗೆ 2021ರಲ್ಲಿ ನೊಬೆಲ್ ಬಂದಿದ್ದಕ್ಕೆ ಇಂಥ ಕೆಲಸವೇ ಕಾರಣ.

ಹಾಗಂತ ಕೂಲಿಯನ್ನು ರಾತ್ರೋರಾತ್ರಿ ಹತ್ತು ಪಟ್ಟು ಮಾಡಿದರೂ ಏನೂ ಆಗಲ್ಲ ಅಂತ ನಾನು ಹೇಳಿಲ್ಲ. ದಯವಿಟ್ಟು ಹಾಗೆ ಓದಿಕೊಳ್ಳಬೇಡಿ. ಹದವಾದ ಏರಿಕೆಗೆ ಅಂಗಡಿ ಬಾಗಿಲು ಹಾಕಲ್ಲ, ಅಷ್ಟೇ. ಯಾಕೆ ಅಂದರೆ ಕೌಂಟರ್‌ನಲ್ಲಿ ಒಬ್ಬರು ಬೇಕೇ ಬೇಕು, ಅರ್ಧ ಮನುಷ್ಯನನ್ನು ನಿಲ್ಲಿಸೋಕೆ ಆಗಲ್ಲ. ಅಂಗಡಿಯ ಖರ್ಚಿನಲ್ಲಿ ಜಾಸ್ತಿ ಹೋಗುವುದು ಸರಕಿಗೆ. ನೂರು ರೂಪಾಯಿ ಮಾರಾಟದಲ್ಲಿ ಹತ್ತು ರೂಪಾಯಿ ಸಂಬಳ ಅಂದುಕೊಳ್ಳಿ. ಆ ಸಂಬಳ ಶೇ 10ರಷ್ಟು ಏರಿದರೆ ಬಿಲ್ ಮೇಲೆ ಬೀಳುವುದು ಒಂದು ರೂಪಾಯಿ. ಇನ್ನು ಮೂರು ತಿಂಗಳಿಗೊಬ್ಬರು ಬಿಟ್ಟು ಹೋಗಿ, ಹೊಸಬರಿಗೆ ಯಾವ ಸಾಮಾನು ಯಾವ ಕಪಾಟಿನಲ್ಲಿದೆ ಅಂತ ಮೊದಲಿಂದ ತೋರಿಸಿ, ಅವರು ಬಿಲ್ ತಪ್ಪು ಹೊಡೆದು ಗಿರಾಕಿ ಹತ್ತಿರ ಬೈಸಿಕೊಳ್ಳುವ ಖರ್ಚು ಇದೆಯಲ್ಲ, ಅದನ್ನು ಯಾರೂ ಲೆಕ್ಕಕ್ಕೇ ಹಿಡಿಯಲ್ಲ. ಸಂಬಳ ಸ್ವಲ್ಪ ಚೆನ್ನಾಗಿದ್ದರೆ ಜನ ನಿಲ್ಲುತ್ತಾರೆ.

ನಿಲ್ಲುವುದು ಅಂದಾಗ ನೆನಪಾಯಿತು. ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಪರಿಷ್ಕರಣೆ ಅಂದರೆ ಎಲ್ಲರಿಗೂ ಸಂಬಳವೇ ಕಾಣುತ್ತದೆ, ಕುರ್ಚಿ ಕಾಣಲ್ಲ. ಸಂಜೆ ಹೊತ್ತು ಬಿಲ್ಲಿಂಗ್ ಕೌಂಟರ್‌ನಲ್ಲಿರುವವರ ಕಾಲು ನೋಡಿ. ಭಾರವನ್ನು ಎಡಗಾಲಿಗೆ, ಬಲಗಾಲಿಗೆ ಬದಲಾಯಿಸುತ್ತಾ ಇರುತ್ತಾರೆ, ಒಂದು ಚಪ್ಪಲಿ ಆಗಲೇ ಕಳಚಿರುತ್ತದೆ. ಬ್ರಿಟನ್ 1899ರಲ್ಲೇ ಒಂದು ಕಾನೂನು ಮಾಡಿತ್ತು: ಅಂಗಡಿಯಲ್ಲಿ ಮೂವರು ಹೆಣ್ಣುಮಕ್ಕಳಿಗೆ ಕನಿಷ್ಠ ಒಂದು ಆಸನ. ಉಳಿದಿಬ್ಬರು ಸರದಿ ಕಾಯಬೇಕಿತ್ತೇನೋ! ನಮ್ಮಲ್ಲಿ ಕೇರಳದ ಜವಳಿ ಅಂಗಡಿಗಳ ಸೇಲ್ಸ್ ಹೆಣ್ಣುಮಕ್ಕಳು ಇದಕ್ಕಾಗಿ ವರ್ಷಗಟ್ಟಲೆ ಹೋರಾಡಿದರು. ಶೌಚಾಲಯಕ್ಕೆ ಹೋಗಲು ಬಿಡುವಿಲ್ಲ ಅಂತ ನೀರನ್ನೇ ಕುಡಿಯದೆ ದಿನ ತಳ್ಳುತ್ತಿದ್ದವರು ಅವರು. 2018ರಲ್ಲಿ ಕೇರಳ ಕಾನೂನು ತಿದ್ದಿ ಕೂರುವ ವ್ಯವಸ್ಥೆಯನ್ನು ಕಡ್ಡಾಯ ಮಾಡಿತು, 2021ರಲ್ಲಿ ತಮಿಳುನಾಡೂ ಮಾಡಿತು. ಒಂದು ಸ್ಟೂಲ್‌ಗೆ ಎಷ್ಟು ಖರ್ಚಾಗುತ್ತದೆ ಅಂತ ಮುಂದಿನ ಪತ್ರದಲ್ಲಿ ಯಾರಾದರೂ ಕೇಳಿ, ಆ ಲೆಕ್ಕ ಬೇಗ ಮುಗಿಯುತ್ತದೆ.